ದಮ್ಮು ಕಟ್ಟಿತು ಅಂತ ಆಕ್ಸಿಜನ್ ನಾಬ್ ತಿರುಗಿಸುವ ಮೊದಲು

ಸಿಒಪಿಡಿ, ಅಂದ್ರೆ ಶ್ವಾಸನಾಳ ಕಿರಿದಾಗಿ ದಮ್ಮು ಕಟ್ಟುವ ದೀರ್ಘಕಾಲದ ಕಾಯಿಲೆ, ಜೋರಾದ್ರೆ ಮನೆಗೆ ಗಾಳಿಯಿಂದ ಆಕ್ಸಿಜನ್ ತೆಗೆದು ಕೊಡುವ ಕಾನ್ಸಂಟ್ರೇಟರ್ ಮಿಷನ್ ಬರ್ತದೆ. ಬೀಡಿ ಎಳೆದ ಅಜ್ಜನಿಗೂ ಬರ್ತದೆ, ಬೀಡಿ ಮುಟ್ಟದೆ ಜೀವಮಾನ ಇಡೀ ಬಚ್ಚಲೊಲೆಗೆ ಮಡಲು ತುರುಕಿ ಹೊಗೆ ಕುಡಿದ ಅಜ್ಜಿಗೂ ಬರ್ತದೆ. ನಮ್ಮ ಮಂಗಳೂರು ಕಡೆ ನಾನು ನೋಡಿದ ಹೆಚ್ಚಿನ ಮನೆಗಳಲ್ಲಿ ಆಗುವುದು ಒಂದೇ, ದಮ್ಮು ಕಟ್ಟಿದ ಕೂಡ್ಲೆ ಯಾರಾದ್ರೂ ಓಡಿ ಹೋಗಿ ನಿಮಿಷಕ್ಕೆ 2 ಲೀಟರಲ್ಲಿದ್ದದ್ದನ್ನು 5ಕ್ಕೆ ಇಡುವುದು, ಆಕ್ಸಿಮೀಟರಲ್ಲಿ 98 ಬಂತು ಅಂತ ಖುಷಿ, ಅಜ್ಜ ಚಂದ ಮಲಗಿದ್ರು ಅಂತ ಇನ್ನೂ ಖುಷಿ. ಅದು ನಿದ್ದೆ ಅಲ್ಲ ಮಾರಾಯ್ರೆ, ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿ ಬಂದ ಮಂಪರು ಆಗಿರ್ಲಿಕ್ಕೂ ಸಾಕು.

1. ಡಾಕ್ಟ್ರ ಹತ್ರ ಎರಡು ನಂಬರ್ ಬರೆಸಿಕೊಳ್ಳಿ: ನಿಮಿಷಕ್ಕೆ ಎಷ್ಟು ಲೀಟರ್, ಎಷ್ಟು ಸ್ಯಾಚುರೇಶನ್ (ಆಕ್ಸಿಮೀಟರಲ್ಲಿ ಬರುವ ಶೇಕಡಾ ನಂಬರ್). ಸಿಒಟು, ಅಂದ್ರೆ ಆ ಕಾರ್ಬನ್ ಡೈಆಕ್ಸೈಡ್, ಏರುವ ರಿಸ್ಕ್ ಇರುವವರಿಗೆ ಸಾಮಾನ್ಯವಾಗಿ 88ರಿಂದ 92 ಸಾಕು ಅಂತಾರೆ. ಆ ಚೀಟಿ ಮಿಷನ್‌ಗೇ ಅಂಟಿಸಿ.

2. ಆಕ್ಸಿಮೀಟರ್ ಹಾಕುವಾಗ ಬೆರಳು ಬೆಚ್ಚಗಿರಲಿ, ನೈಲ್ ಪಾಲಿಶ್ ಬೇಡ.

3. ಈಗ ನಾಬ್, ಎಲ್ಲರೂ ಎಡವುವುದು ಇಲ್ಲೇ. ಗಾಜಿನ ನಳಿಗೆಯೊಳಗೆ ಸಣ್ಣ ಗುಂಡು ಉಂಟಲ್ಲ, ನಿಂತು ಮೇಲಿಂದ ನೋಡಿದ್ರೆ ಲೆಕ್ಕ ತಪ್ತದೆ, ಕೂತು ಕಣ್ಣಿನ ಮಟ್ಟಕ್ಕೆ ತಂದು ಗುಂಡಿನ ನಡು ಗೆರೆಯ ಮೇಲೆ ಬರುವ ಹಾಗೆ ಇಡಿ. ಆಮೇಲೆ ಕೈ ತೆಗೀರಿ. ಜಾಸ್ತಿ ಕೊಟ್ರೆ ಎಂತ ಆಗ್ತದೆ ಕೇಳಿದ್ರೆ, ಹಾಳಾದ ಶ್ವಾಸಕೋಶದಲ್ಲಿ ಗಾಳಿ ಸರಿ ಆಡದ ಜಾಗಕ್ಕೆ ದೇಹ ತಾನೇ ರಕ್ತ ಕಮ್ಮಿ ಕಳಿಸಿ ಸುಧಾರಿಸಿಕೊಂಡಿರ್ತದೆ, ಆಕ್ಸಿಜನ್ ಏರಿದ್ರೆ ಅಲ್ಲಿನ ರಕ್ತನಾಳ ಸಡಿಲ ಆಗಿ ರಕ್ತ ವಾಪಸ್ ಅಲ್ಲಿಗೇ ನುಗ್ತದೆ, ಸಿಒಟು ಹೊರಗೆ ಹೋಗ್ಲಿಕ್ಕೆ ದಾರಿ ಇಲ್ಲ. ಹಿಮೋಗ್ಲೋಬಿನ್ ಹಿಡ್ಕೊಂಡ ಸಿಒಟುವನ್ನೂ ಬಿಟ್ಟುಬಿಡ್ತದೆ. ರಕ್ತ ಆಸಿಡ್ ಕಡೆ ವಾಲ್ತದೆ. ಆಕ್ಸಿಮೀಟರಿಗೆ ಇದು ಯಾವುದೂ ಕಾಣುವುದಿಲ್ಲ, 98 ತೋರಿಸ್ತಾ ಇರ್ತದೆ.

ಹಾಗಂತ ಹೆದರಿ ಒಮ್ಮೆಲೇ ಆಫ್ ಮಾಡ್ಲೇಬೇಡಿ, ಆಕ್ಸಿಜನ್ ಮೊದಲಿಗಿಂತ ಕೆಳಗೆ ಬಿದ್ದು ಜೀವಕ್ಕೇ ಅಪಾಯ. ಚೀಟಿಯ ನಂಬರಿಗೆ ತಂದು ಡಾಕ್ಟ್ರಿಗೆ ಫೋನ್ ಮಾಡಿ. 88 ದಾಟದಿದ್ರೂ ಫೋನೇ.

ಆನ್‌ಲೈನಲ್ಲಿ ಸಿಗುವ ಆಕ್ಸಿಜನ್ ಸ್ಪ್ರೇ ಡಬ್ಬಿಗೆ ದುಡ್ಡು ಹಾಕ್ಬೇಡಿ. 10 ಲೀಟರ್ ಡಬ್ಬಿ ನಿಮಿಷಕ್ಕೆ 2 ಲೀಟರ್ ಲೆಕ್ಕದಲ್ಲಿ 5 ನಿಮಿಷಕ್ಕೆ ಖಾಲಿ.

4. ಸಿಒಟು ಏರಿದೆಯಾ ಅಂತ ಗೊತ್ತಾಗ್ಲಿಕ್ಕೆ, ಬೆಳಿಗ್ಗೆ ಏಳುವಾಗ ತಲೆನೋವಾ ಕೇಳಿ. ಮಾತು ತಡವರಿಸ್ತದಾ, ಹಗಲಿಡೀ ತೂಕಡಿಕೆಯಾ, ಮುಖ ಕೆಂಪಾ ನೋಡಿ. ಎರಡೂ ಕೈ ಮುಂದೆ ಚಾಚಿಸಿ, ಮಣಿಕಟ್ಟು ಹಿಂದಕ್ಕೆ ಬಗ್ಗಿಸಿ ಅಂಗೈ ಎದುರಿಗೆ ಕಾಣುವ ಹಾಗೆ ಹಿಡೀಲಿಕ್ಕೆ ಹೇಳಿ, ಬಸ್ಸು ನಿಲ್ಲಿಸುವಾಗ ಕೈ ತೋರಿಸ್ತೇವಲ್ಲ ಹಾಗೆ. ಮಣಿಕಟ್ಟು ಪಟಪಟ ಬೀಳ್ತಾ ಇದ್ರೆ ಕಾಯ್ಬೇಡಿ.

5. ಬೈಪ್ಯಾಪ್ (ಮಾಸ್ಕಿನಿಂದ ಗಾಳಿ ಒತ್ತಿ ಉಸಿರಾಟಕ್ಕೆ ಸಹಾಯ ಮಾಡುವ ಮಿಷನ್) ಕೊಟ್ಟಿದ್ರೆ ರಾತ್ರಿ ಹಾಕಿಸಿ, ಮಾಸ್ಕ್ ಸೈಜ್ ಸರಿ ಇಲ್ಲದಿದ್ರೆ ಬದಲಿಸಿ. ನಿದ್ದೆ ಮಾತ್ರೆ, ಕುಡಿತ ಎರಡೂ ಉಸಿರಾಟವನ್ನು ನಿಧಾನ ಮಾಡ್ತವೆ, ಮೆಡಿಕಲಿನವನು ಕೊಟ್ಟ ಅಂತ ಮಾತ್ರೆ ನುಂಗಿಸ್ಬೇಡಿ.

6. ಕರೆದ್ರೆ ಏಳದಿದ್ರೆ 108. ಆಂಬುಲೆನ್ಸಿನವರಿಗೆ ಮೊದಲ ಮಾತಲ್ಲೇ ಸಿಒಪಿಡಿ ಉಂಟು, ಇಷ್ಟು ಲೀಟರಲ್ಲಿದ್ರು ಅಂತ ಹೇಳಿ, ಚೀಟಿ ಕೊಡಿ. ಆಸ್ಪತ್ರೇಲಿ ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದು ಎಬಿಜಿ, ಅಂದ್ರೆ ರಕ್ತದ ಆಕ್ಸಿಜನ್, ಸಿಒಟು, ಆಸಿಡ್ ಅಳೆಯುವ ಟೆಸ್ಟ್ ಮಾಡ್ತಾರೆ, ಸಾಮಾನ್ಯ ಸೂಜಿಗಿಂತ ನೋವು ಜಾಸ್ತಿ, ಆದ್ರೂ ಬೇಡ ಅನ್ಬೇಡಿ. ರಿಪೋರ್ಟಲ್ಲಿ ಸಿಒಟು 35ರಿಂದ 45ರ ಒಳಗಿದ್ರೆ ನಾರ್ಮಲ್. ಹಳೇ ರಿಪೋರ್ಟ್ ಇದ್ರೆ ಅದನ್ನೂ ತೋರಿಸಿ, ಕೆಲವರಿಗೆ ಮೊದಲಿಂದಲೇ ಏರಿರ್ತದೆ.