ಹಳೇ ಸ್ಪೋರ್ಟಿ ಕಾರಿಗೆ ಯಾವ ಪೆಟ್ರೋಲ್? ಮೊದಲು 10 ಎಂಎಲ್ ನೀರು ತನ್ನಿ

ಹಳೇ ಹೋಂಡಾ ಸಿಟಿ ವಿಟೆಕ್, ಪಾಲಿಯೋ 1.6 ಇಟ್ಟುಕೊಂಡವರಲ್ಲಿ ಅನೇಕರು ದುಬಾರಿ ಪೆಟ್ರೋಲ್ ಅಂದರೆ ಎಥನಾಲ್ (ಪೆಟ್ರೋಲಿಗೆ ಬೆರೆಸುವ ಆಲ್ಕೋಹಾಲ್) ಇಲ್ಲದ್ದು ಅಂದುಕೊಂಡಿದ್ದಾರೆ. ಹಾಗೇನಿಲ್ಲ. 95 ಆಕ್ಟೇನಿನ ಪ್ರೀಮಿಯಂ ಪೆಟ್ರೋಲಿನಲ್ಲೂ ಎಥನಾಲ್ ಇರುತ್ತದೆ. ಆಕ್ಟೇನ್ ಅಂದರೆ ಎಂಜಿನ್ ಬಡಿತ (ನಾಕಿಂಗ್) ತಡೆಯುವ ಗುಣದ ಅಂಕ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿದ ಇ20 ಈಗ ಊರೂರಿನ ಬಂಕಿಗೂ ಬಂದಿದೆ. ಅದರಲ್ಲಿ ನೂರಕ್ಕೆ 20 ಪಾಲು ಎಥನಾಲ್. ಅದು ಬೇಡವೆಂದರೆ ಇಂಡಿಯನ್ ಆಯಿಲ್‌ನ ಎಕ್ಸ್‌ಪಿ100ನಂಥ 100 ಆಕ್ಟೇನ್ ಪೆಟ್ರೋಲ್ ಹುಡುಕಬೇಕು. ಲೀಟರ್‌ಗೆ 160 ರೂಪಾಯಿ ಆಸುಪಾಸು.

ಮೊದಲು ಬಾನೆಟ್ ಎತ್ತಿ. ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಹಳೇ ಸಾಧನ) ಇದ್ದರೆ ಇ20ಗೆ ಮಿಕ್ಸ್‌ಚರ್ ಲೀನ್ ಆಗುತ್ತದೆ, ಅಂದರೆ ಗಾಳಿ ಹೆಚ್ಚಾಗಿ ಇಂಧನ ಸಾಲದು, ಎಂಜಿನ್ ಬಿಸಿ ಜಾಸ್ತಿ. ಇಂಜೆಕ್ಷನ್ (ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ) ಜತೆ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಇದ್ದರೆ ಅದು ತಕ್ಕಮಟ್ಟಿಗೆ ಸರಿದೂಗಿಸುತ್ತದೆ.

ಈಗ ಪೆಟ್ರೋಲಿನಲ್ಲಿ ಎಥನಾಲ್ ಇದೆಯೇ ಎಂಬ ಪರೀಕ್ಷೆ. ಎಲ್ಲರೂ ಎಡವುವುದು ಇಲ್ಲೇ. ಲ್ಯಾಬ್ ಸಾಮಾನಿನ ಅಂಗಡಿಯಿಂದ ಬಿರಡೆ ಇರುವ 100 ಎಂಎಲ್ ಗಾಜಿನ ಅಳತೆ ಜಾಡಿ ತನ್ನಿ. ನೀರಿನ ಬಾಟಲಿ ಬೇಡ. ನಾನು ಮೊದಲ ಸಲ ಅದರಲ್ಲೇ ಮಾಡಿದ್ದೆ, ಗೆರೆಯೇ ಇಲ್ಲದೆ ಏನೂ ತಿಳಿಯಲಿಲ್ಲ. ಬಯಲಲ್ಲಿ ಕೂತು ಮಾಡಿ, ಹತ್ತಿರ ಬೀಡಿ, ಒಲೆ ಇರಬಾರದು. ಜಾಡಿಗೆ ಸರಿಯಾಗಿ 10 ಎಂಎಲ್ ನೀರು, ಅದಕ್ಕೆ ಒಂದು ತೊಟ್ಟು ನೀಲಿ ಇಂಕು. ಇಂಕು ನೀರಿನಲ್ಲಿ ಮಾತ್ರ ಬೆರೆಯುತ್ತದೆ, ಆಗ ಗೆರೆ ಎದ್ದು ಕಾಣುತ್ತದೆ. ಮೇಲೆ 100ರ ಗುರುತಿನವರೆಗೆ ಪೆಟ್ರೋಲ್. ಬಿರಡೆ ಒತ್ತಿ ಹಿಡಿದು ನಿಮಿಷ ಕುಲುಕಿ. ನಡುನಡುವೆ ಬಿರಡೆ ಸಡಿಲಿಸಿ, ಒಳಗೆ ಒತ್ತಡ ಕಟ್ಟುತ್ತದೆ. ಆಮೇಲೆ 15 ನಿಮಿಷ ಮುಟ್ಟಬೇಡಿ. ಆತುರದವರು ಎರಡು ನಿಮಿಷಕ್ಕೇ ನೋಡಿ "ಎಥನಾಲ್ ಇಲ್ಲ" ಅಂದುಬಿಡುತ್ತಾರೆ! ನೀಲಿ ಪದರ 10ರಲ್ಲೇ ನಿಂತರೆ ಎಥನಾಲ್ ಇಲ್ಲ. 20 ದಾಟಿದರೆ ಅದು ಇ20, ಎಥನಾಲ್ ನೀರಿನ ಜತೆ ಕೆಳಗಿಳಿದಿದೆ. ಆ ಪೆಟ್ರೋಲನ್ನು ಟ್ಯಾಂಕಿಗೆ ವಾಪಸ್ ಸುರಿಯಬೇಡಿ.

ಇನ್ನು ತೀರ್ಮಾನ. ವಾರಕ್ಕೆರಡು ಸಲ ಓಡುವ ಇಂಜೆಕ್ಷನ್ ಕಾರಿಗೆ ಇ20 ಸಾಕು. ಮೈಲೇಜ್ ಸ್ವಲ್ಪ ಇಳಿಯುತ್ತದೆ, ಅಷ್ಟೇ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವ ಕಾರ್ಬುರೇಟರ್ ಕಾರಿಗೆ ಮಾತ್ರ ಎಥನಾಲ್ ಇಲ್ಲದ್ದೇ ಹಾಕಿ, ಯಾಕೆಂದರೆ ಎಥನಾಲ್ ತೇವ ಎಳೆದುಕೊಳ್ಳುತ್ತದೆ. ಪವರ್ ಬರುತ್ತದೆಂದು ಮಾತ್ರ 100 ಆಕ್ಟೇನ್ ಸುರಿಯಬೇಡಿ. ಟೈಮಿಂಗ್ (ಸ್ಪಾರ್ಕ್ ಹೊತ್ತುವ ಸಮಯ) ಬದಲಿಸದ ಎಂಜಿನ್ನಿಗೆ ಅದು ದಂಡ. "ಎಥನಾಲ್ ತೆಗೆಯುವ" ಬಾಟಲಿಗಳೂ ಅಷ್ಟೇ, ಬೆರೆತ ಎಥನಾಲನ್ನು ಅವು ಹೊರಗೆ ತೆಗೆಯುವುದಿಲ್ಲ.

ಯಾವುದೇ ಹಾಕಿ, ಪೆಟ್ರೋಲ್ ಪೈಪನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ. ಮೆತ್ತಗೆ ಉಬ್ಬಿದ್ದರೆ, ಬೆರಳಿಗೆ ಕಪ್ಪು ಹತ್ತಿದರೆ, ಕ್ಲಿಪ್ ಬಿಗಿಮಾಡಿ ಸಾಗಹಾಕಬೇಡಿ. ಎಥನಾಲ್ ತಡೆಯುವ ಪೈಪೇ ಕೇಳಿ ತನ್ನಿ. ಅಂಗಡಿಯವರು ನೀರಿನ ಪೈಪು ಕೊಟ್ಟರೆ ಅಲ್ಲೇ ವಾಪಸ್ ಕೊಡಿ.