ಉಮಿಕರಿ, ಮಾವಿನೆಲೆ, ಮಡಲಿನ ಕಡ್ಡಿ: ಹಲ್ಲುಜ್ಜುವುದರಲ್ಲಿ ನನ್ನ ಅನುಭವ

ಉಡುಪಿ ಕಡೆಯವರು ಹಲ್ಲುಜ್ಜಲು ಬೇವಿನ ಕಡ್ಡಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಹಿತ್ತಿಲಲ್ಲಿ ಮಾವಿದೆ, ತೆಂಗಿದೆ, ಗಿರಣಿಯಲ್ಲಿ ಉಮಿ, ಅಂದರೆ ಭತ್ತದ ಹೊಟ್ಟು, ಸಿಗುತ್ತದೆ. ಇವುಗಳಲ್ಲಿ ಹಲ್ಲನ್ನು ಬೆಳ್ಳಗೆ ಮಾಡುವುದೂ, ತಪ್ಪಿದರೆ ಸವೆಸಿಬಿಡುವುದೂ ಉಮಿ ಸುಟ್ಟು ಮಾಡುವ ಉಮಿಕರಿಯೇ. ಹಾಗಾಗಿ ಅದನ್ನು ಮಾಡುವ ಕ್ರಮ ಮೊದಲು.

ಗಿರಣಿಯಲ್ಲಿ ಸುಡದ ಉಮಿಯನ್ನೇ ಕೇಳಿ ತರಬೇಕು. ಕುಚ್ಚಲಕ್ಕಿ ಗಿರಣಿಯ ಬಾಯ್ಲರಿನಿಂದ ಬರುವ ಬೂದಿ ಬೇಡವೇ ಬೇಡ. ಉಮಿಯಲ್ಲಿ ಸಿಲಿಕಾ (ಮರಳಿನಲ್ಲಿರುವಂಥ ಖನಿಜ) ತುಂಬ ಇರುತ್ತದೆ. ಹೆಚ್ಚು ಉರಿಯಲ್ಲಿ ಪೂರ್ತಿ ಸುಟ್ಟರೆ ಇಂಗಾಲ ಹೋಗಿ ಬೂದು ಬಣ್ಣದ ಬೂದಿ ಉಳಿಯುತ್ತದೆ. ಅದರಲ್ಲಿನ ಸಿಲಿಕಾ ಹರಳುಗಟ್ಟಿದರೆ ಹಲ್ಲಿನ ಹೊರಪದರವಾದ ಎನಾಮಲ್‌ಗಿಂತ ಗಟ್ಟಿ. ನಮಗೆ ಬೇಕಾದದ್ದು ಬೂದಿಯಲ್ಲ, ಕರಿ.

ಫೆಬ್ರವರಿ, ಮಾರ್ಚಿನ ಬಿಸಿಲಿನಲ್ಲಿ ಒಣಗಿಸಿದ 1 ಕಿಲೋ ಉಮಿಗೆ 300 ಗ್ರಾಂ ಆಸುಪಾಸು ಕರಿ ಸಿಗುತ್ತದೆ. ನೆಲದ ಮೇಲೆ ನಾಲ್ಕಾರು ಗೆರಟೆ (ತೆಂಗಿನ ಚಿಪ್ಪು) ಕೆಂಡ ಇಟ್ಟು ಉಮಿಯನ್ನು ಗುಪ್ಪೆಯಾಗಿ ಸುರಿಯಬೇಕು. ಉರಿ ಏಳಬಾರದು, ಹೊಗೆಯಾಡುತ್ತಾ ಒಳಗಿಂದ ಕಪ್ಪಾಗುತ್ತಾ ಬರಬೇಕು. ಮೇಲೆ ಕಪ್ಪು ಕಂಡಲ್ಲಿ ಕೋಲಿನಿಂದ ಇನ್ನೂ ಸುಡದ ಉಮಿಯನ್ನು ಎಳೆದು ಮುಚ್ಚುತ್ತೇನೆ. ಬಹುಪಾಲು ಕಪ್ಪಾದ ಕೂಡಲೇ ನೀರು ಚಿಮುಕಿಸಿ ತೆಳ್ಳಗೆ ಹರಡಬೇಕು. ಇಲ್ಲಿ ಉದಾಸೀನ ಮಾಡಿದರೆ ರಾತ್ರಿಯಿಡೀ ಒಳಗೊಳಗೇ ಕನಲಿ ಬೆಳಗ್ಗೆ ಬೂದಿಯ ರಾಶಿ ಸಿಗುತ್ತದೆ.

ಮತ್ತೆ ಒಣಗಿಸಿ, ಮಿಕ್ಸಿಯಲ್ಲಿ ಪುಡಿ ಮಾಡಿ, ತೆಳು ಹತ್ತಿ ಬಟ್ಟೆಯಲ್ಲಿ ಎರಡು ಸಲ ಗಾಳಿಸುತ್ತೇನೆ. ಚಿಟಿಕೆ ಪುಡಿಯನ್ನು ಮುಂದಿನ ಹಲ್ಲುಗಳ ನಡುವೆ ಮೆಲ್ಲಗೆ ಕಚ್ಚಿದಾಗ ಕರಕರ ಎಂದರೆ ಇನ್ನೊಮ್ಮೆ ಗಾಳಿಸಬೇಕು. 10 ಚಮಚ ಕರಿಗೆ ಚೆನ್ನಾಗಿ ಪುಡಿ ಮಾಡಿದ ಉಪ್ಪು 1 ಚಮಚ, ಲವಂಗ ಎರಡು. ಕರಿಮೆಣಸು ಹಾಕುವವರಿದ್ದಾರೆ, ಒಸಡು ಉರಿಯುತ್ತದೆ, ನಾನು ಹಾಕುವುದಿಲ್ಲ. ಮಳೆಗಾಲದಲ್ಲಿ ಉಪ್ಪು ನೀರು ಎಳೆದುಕೊಂಡು ಪುಡಿ ಗಂಟುಕಟ್ಟುವುದರಿಂದ ಆಗ ಉಪ್ಪನ್ನು ಅಂಗೈಯಲ್ಲೇ ಬೆರೆಸಿಕೊಳ್ಳುವುದು ಒಳ್ಳೆಯದು.

ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಡ. ಬೆರಳಿನಲ್ಲೇ ಉಜ್ಜಬೇಕು, ಬ್ರಶ್ಶಿಗೆ ಹಾಕಬಾರದು. ಒಸಡಿನಿಂದ ಹಲ್ಲಿನ ತುದಿಯ ಕಡೆಗೆ ಮಾತ್ರ ಬೆರಳು ಎಳೆಯಿರಿ. ಅಡ್ಡಡ್ಡ ಒತ್ತಿ ತಿಕ್ಕಿದರೆ ಹಲ್ಲಿನ ಬುಡದಲ್ಲಿ ಕಚ್ಚು ಬೀಳುತ್ತದೆ, ತಣ್ಣೀರು ತಾಗಿದರೆ ಜುಂ ಎನ್ನುತ್ತದೆ. ಸವೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಹಲ್ಲಿನ ಬಣ್ಣದ ಫಿಲ್ಲಿಂಗ್ ಹಾಕಿಸಿಕೊಂಡವರು ಉಮಿಕರಿ ಮುಟ್ಟದಿರುವುದೇ ಲೇಸು. ಅಂಚಿನಲ್ಲಿ ಕಪ್ಪು ಕೂರುತ್ತದೆ.

ಉಳಿದ ದಿನ ಬೆಳಗ್ಗೆ ಮಾವಿನೆಲೆ. ಬಲಿತ ಎಲೆ ತೊಳೆದು ತೊಟ್ಟು ಚಿವುಟಿ ಬಿಸಾಡಬೇಕು, ತೊಟ್ಟಿನ ಸೊನೆ ತಾಗಿದರೆ ತುಟಿ ಸುಟ್ಟಂತೆ ಹುಣ್ಣಾಗುತ್ತದೆ. ನಡುನರ ತೆಗೆದು, ಎಲೆಯನ್ನು ಮಡಚಿ ತೋರುಬೆರಳಿಗೆ ಸುತ್ತಿ ಉಜ್ಜುವುದು. ಗೇರಿನ ಎಲೆಯನ್ನು ಈ ಕೆಲಸಕ್ಕೆ ತರಬೇಡಿ.

ನಾಲಗೆಗೆ ತೆಂಗಿನ ಮಡಲಿನ ಹಸಿ ಕಡ್ಡಿ. ಗರಿ ಸೀಳಿ ತೆಗೆದು, ಕಡ್ಡಿಯನ್ನು ಉದ್ದಕ್ಕೆ ಎರಡು ಸೀಳು ಮಾಡಿ, ಬಿಲ್ಲಿನಂತೆ ಬಗ್ಗಿಸಿ ಹಿಂದಿನಿಂದ ಮುಂದಕ್ಕೆ ನಾಲ್ಕೈದು ಸಲ ಎಳೆದರೆ ಸಾಕು. ಒಣ ಕಡ್ಡಿ ಮುರಿದು ಚುಚ್ಚುತ್ತದೆ.

ಒಸಡು ಸಡಿಲವೆನಿಸಿದಾಗ ರೆಂಜೆ (ಬಕುಲ) ಮರದ ತೊಗಟೆಯ ಕಷಾಯ: 10 ಗ್ರಾಂ ತೊಗಟೆ, 2 ಲೋಟ ನೀರು, ಅರ್ಧಕ್ಕಿಳಿಸಿ, ಉಗುರುಬೆಚ್ಚಗೆ ಬಾಯಿ ಮುಕ್ಕಳಿಸುವುದು. ಒಗರು ತೊಗಟೆ, ದಿನವೂ ಮಾಡಿದರೆ ಹಲ್ಲಿಗೆ ಕಂದು ಕಲೆ.

ಪುನರ್ಪುಳಿ (ಕೋಕಂ) ಶರಬತ್ತು, ಲಿಂಬೆ ಏನೇ ಕುಡಿದರೂ ಬರೀ ನೀರಲ್ಲಿ ಮುಕ್ಕಳಿಸಿ ಅರ್ಧ ಗಂಟೆ ಬಿಟ್ಟು ಹಲ್ಲುಜ್ಜಬೇಕು. ಹುಳಿ ತಾಗಿದ ಎನಾಮಲ್ ಸ್ವಲ್ಪ ಹೊತ್ತು ಮೆದುವಾಗಿರುತ್ತದೆ. ಲಿಂಬೆರಸಕ್ಕೆ ಉಪ್ಪು ಹಾಕಿ ತಿಕ್ಕುವುದಂತೂ ಹಲ್ಲಿಗೆ ಮಾಡುವ ದ್ರೋಹ.

ರಾತ್ರಿ ಮಾತ್ರ ನಾನು ಮೆದು ಬ್ರಶ್ಶು, ಫ್ಲೋರೈಡ್ ಇರುವ ಪೇಸ್ಟನ್ನೇ ಬಳಸುವುದು. ಹುಳುಕು ತಡೆಯುವಷ್ಟು ಫ್ಲೋರೈಡ್ ಎಲೆಯಲ್ಲೂ ಇಲ್ಲ, ಕರಿಯಲ್ಲೂ ಇಲ್ಲ. ಟ್ಯೂಬಿನ ಮೇಲೆ 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ ಫ್ಲೋರೈಡ್) ಹತ್ತಿರದ ಅಂಕಿ ಇದೆಯೇ ನೋಡಿ ಕೊಳ್ಳಿ. ಹಲ್ಲಿನ ಸಂದಿಗೆ ಬೆರಳೂ ತಲುಪುವುದಿಲ್ಲ, ಎಲೆಯೂ ತಲುಪುವುದಿಲ್ಲ. ಅಲ್ಲಿಗೆ ಹಲ್ಲಿನ ದಾರವೇ (ಫ್ಲಾಸ್) ಬೇಕು. ಕಲ್ಲಿನಂತೆ ಗಟ್ಟಿಯಾದ ಪಾಚಿಯನ್ನು ಉಮಿಕರಿಯಿಂದ ತೆಗೆಯಲು ಹೋಗಬೇಡಿ, ಅದಕ್ಕೆ ದಂತವೈದ್ಯರಲ್ಲಿ ಸ್ಕೇಲಿಂಗ್ ಮಾಡಿಸಬೇಕು.