ನೀರಿಗಿಳಿಯುವ ಗಾಡಿಗೆ ತೂತು ಕೊರೆಯುವ ಮುನ್ನ

ಗೆಳೆಯನೊಬ್ಬ ತನ್ನ ಆರು ಚಕ್ರದ ಗಾಡಿಗೆ ಒಳನೀರು ಎತ್ತಿಹಾಕುವ ಪಂಪು ಕೂರಿಸಿ, ತೋರಿಸಲೆಂದೇ ನನ್ನನ್ನು ಕೆರೆಗೆ ಕರೆದಿದ್ದ. ಅವನೊಬ್ಬನೇ ಕೂತು ಸುತ್ತು ಹಾಕಿದಾಗ ಎಲ್ಲ ಸರಿಯಾಗಿತ್ತು. ನಾನು ಹಿಂದಿನ ಸೀಟಿಗೆ ಹತ್ತಿದ ಕಾಲು ಗಂಟೆಗೆ ನನ್ನ ಬೂಟಿನೊಳಗೆ ನೀರು. ಪಂಪಿನ ಪೈಪು ಹೊರಬರಲೆಂದು ಹಿಂಬದಿಯಲ್ಲಿ ಕೊರೆದಿದ್ದ ತೂತು ನಮ್ಮಿಬ್ಬರ ಭಾರಕ್ಕೆ ನೀರಿನಡಿ ಹೋಗಿತ್ತು. ಪಂಪು ನಿಂತಾಗಲೆಲ್ಲ ಅದೇ ಪೈಪಿನಲ್ಲಿ ಕೆರೆ ಒಳಗೆ ಬರುತ್ತಿತ್ತು.

ಇಂಥದ್ದನ್ನು ಎಷ್ಟೋ ಸಲ ನೋಡಿದ್ದೇನೆ. 1960ರ ದಶಕದಲ್ಲಿ ಕೆನಡಾದಲ್ಲಿ ಶುರುವಾದ ಈ ನೆಲ-ನೀರಿನ ಗಾಡಿಗಳಿಗೆ ಮನೆಯಲ್ಲೇ ಏನೇನೋ ಸೇರಿಸುವ ಆಸೆ ಎಲ್ಲರಿಗೂ ಇರುತ್ತದೆ. ಹಗ್ಗ ಸುತ್ತಿ ಎಳೆಯುವ ವಿಂಚು, ದೀಪ, ಚಾವಣಿ, ಹಿಂದೊಂದು ದೋಣಿಯ ಮೋಟರು. ಗಾಡಿ ಮಾತ್ರ ಮೂಲತಃ ಒಂದು ಪ್ಲಾಸ್ಟಿಕ್ ತೊಟ್ಟಿ. ತೇಲಿಸುವುದು ತೊಟ್ಟಿ, ನೀರಿನಲ್ಲಿ ಹುಟ್ಟು ಹಾಕುವುದು ಟೈರಿನ ಹಲ್ಲುಗಳು, ತಿರುಗಿಸುವುದು ಒಂದು ಪಕ್ಕದ ಚಕ್ರಗಳನ್ನು ತಡೆದು. ನೀವು ಏನೇ ಸೇರಿಸಿದರೂ ಆ ತೊಟ್ಟಿಗೆ ತೂತು ಬೀಳುತ್ತದೆ, ಇಲ್ಲವೇ ಭಾರ ಏರುತ್ತದೆ.

ಹಂತ 1: ನೀರಿನ ಗೆರೆ

ಟ್ಯಾಂಕು ತುಂಬಿಸಿ. ಕೂರುವವರೆಲ್ಲ ಕೂರಲಿ, ಸಾಮಾನೂ ಬರಲಿ. ನಿಂತ ನೀರಿನಲ್ಲಿ, ಸೊಂಟದಷ್ಟು ಆಳದಲ್ಲಿ ಗಾಡಿ ತೇಲಿಸಿ, ನೀರು ಎಲ್ಲಿಗೆ ಮುಟ್ಟುತ್ತದೋ ಅಲ್ಲಿ ಸುತ್ತಲೂ ಟೇಪು ಅಂಟಿಸಿ. ಖಾಲಿ ಗಾಡಿಯ ಗೆರೆ ಉಪಯೋಗಕ್ಕೆ ಬಾರದು. ತೊಟ್ಟಿ 2.4 ಮೀಟರ್ ಉದ್ದ, 1.2 ಮೀಟರ್ ಅಗಲ ಇದ್ದರೆ ಪ್ರತಿ 100 ಕಿಲೋ ಭಾರಕ್ಕೆ ಸುಮಾರು 3.5 ಸೆಂಟಿಮೀಟರ್ ಮುಳುಗುತ್ತದೆ. ಟೈರುಗಳೂ ಎತ್ತಿಹಿಡಿಯುವುದರಿಂದ ತುಸು ಕಡಿಮೆ ಆದೀತು. ಕಬ್ಬಿಣದ ಬಂಪರು, ವಿಂಚು, ಎರಡನೇ ಬ್ಯಾಟರಿ ಅಂತ ಸೇರಿಸಿಕೊಂಡು ಹೋದರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ಚಾವಣಿಯ ಮೇಲೆ ಸಾಮಾನು ಹೇರುವ ಕಟ್ಟು ನನಗಂತೂ ಬೇಡ; ಭಾರ ಮೇಲೇರಿದಷ್ಟೂ ಗಾಡಿ ಮಗುಚುವುದು ಸುಲಭ.

ಟೇಪಿನಿಂದ ಮೇಲಕ್ಕೆ ಅರ್ಧ ಗೇಣಿನೊಳಗೆ ಹೊಸ ತೂತು ಬೇಡವೇ ಬೇಡ.

ಹಂತ 2: ತೂತು

ಕೆಲಸ ಕೆಡುವುದೆಲ್ಲ ಇಲ್ಲೇ. ಆದ್ದರಿಂದ ನಿಧಾನವಾಗಿ ಓದಿ.

ಮೊದಲು ಪ್ಲಾಸ್ಟಿಕ್ ಯಾವುದೆಂದು ತಿಳಿಯಿರಿ. ಒಳಗಡೆ ಕಾಣದ ಜಾಗದಿಂದ ಬ್ಲೇಡಿನಲ್ಲಿ ಒಂದು ಎಳೆ ಹೆರೆದು ನೀರಿನ ಲೋಟಕ್ಕೆ ಹಾಕಿ, ಬೆರಳಿನಿಂದ ಅದ್ದಿ ಬಿಡಿ. ಮತ್ತೆ ಮೇಲೆ ಬಂದರೆ ಅದು ಪಾಲಿಎಥಿಲೀನ್. ಇಂದಿನ ಬಹುಪಾಲು ಗಾಡಿಗಳದ್ದು ಇದೇ. ತಳ ಸೇರಿದರೆ ಎಬಿಎಸ್ ಎಂಬ ಬೇರೆ ಪ್ಲಾಸ್ಟಿಕ್ ಅಥವಾ ಫೈಬರ್ ಗ್ಲಾಸ್ ಇರಬಹುದು. ಅದರ ರಿಪೇರಿಯೇ ಬೇರೆ. ಮುಂದಿನ ಮಾತೆಲ್ಲ ಪಾಲಿಎಥಿಲೀನಿಗೆ.

ಮೂಲೆ, ಮಡಿಕೆ, ಏಣು ಇರುವಲ್ಲಿ ಕೊರೆಯಬೇಡಿ. ಚಪ್ಪಟೆ ಜಾಗ ಹುಡುಕಿ. ಒಳಗಿನಿಂದ ಮರದ ತುಂಡೊಂದನ್ನು ಒತ್ತಿಹಿಡಿಯಲು ಇನ್ನೊಬ್ಬರು ಇರಲಿ. 3 ಮಿಲಿಮೀಟರಿನ ಬಿಟ್ಟಿನಿಂದ ಗುರಿತೂತು ಹಾಕಿ, ಆಮೇಲೆ ಮೆಟ್ಟಿಲು ಬಿಟ್ಟು (ಮೆಟ್ಟಿಲು ಮೆಟ್ಟಿಲಾಗಿ ದಪ್ಪವಾಗುವ ಬಿಟ್ಟು) ಅಥವಾ ದುಂಡು ಗರಗಸ. ಡ್ರಿಲ್ಲು ಆದಷ್ಟು ನಿಧಾನ ತಿರುಗಲಿ. ಈ ಪ್ಲಾಸ್ಟಿಕ್ ಸುಮಾರು 130 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ. ಡ್ರಿಲ್ಲಿನ ವೇಗ ಹೆಚ್ಚಾದರೆ ಸಿಂಬೆ ಸುತ್ತಿಕೊಂಡು ಹೊರಬರಬೇಕಾದ ಹೆರಕಲು ಬಿಟ್ಟಿಗೆ ಮೇಣದ ಹಾಗೆ ಮೆತ್ತಿಕೊಂಡು, ತೂತಿನ ಬಾಯಿ ಹರಿದ ರೊಟ್ಟಿಯ ಅಂಚಿನಂತಾಗುತ್ತದೆ. ಆ ಅಂಚನ್ನು ಬ್ಲೇಡಿನಿಂದ ಹೆರೆದು, ಮರಳುಕಾಗದದಿಂದ ಉಜ್ಜಿ, ಕಣ್ಣು ಮುಚ್ಚಿ ಬೆರಳಾಡಿಸಿ ನೋಡಿ. ಉಗುರಿಗೆ ಸಿಗುವಷ್ಟು ಚಿಕ್ಕ ಕಚ್ಚು ಉಳಿದಿದ್ದರೂ ನಾಳೆಯ ಬಿರುಕು ಅಲ್ಲಿಂದಲೇ ಶುರು. ಆಗಲೇ ಬಿರುಕಿದ್ದರೆ ಅದರ ತುದಿಯಲ್ಲಿ 3 ಮಿಲಿಮೀಟರಿನ ದುಂಡು ತೂತು ಹಾಕಿ. ಬಿರುಕು ಅಲ್ಲಿಗೆ ನಿಲ್ಲುತ್ತದೆ.

ಇನ್ನು ಸಿಲಿಕೋನ್. ದಯವಿಟ್ಟು ಬೇಡ. ಗಟ್ಟಿ ಅಂಟಿನ ಪುಟ್ಟ ಬಾಟಲಿಗಳು ಪಾಲಿಎಥಿಲೀನಿನವೇ. ಅಂಟು ತನ್ನ ಬಾಟಲಿಗೇ ಹಿಡಿಯದ ಮೇಲೆ ನಿಮ್ಮ ಗಾಡಿಗೆ ಹಿಡಿದೀತೇ? ಸಿಲಿಕೋನ್ ಬಳಿದ ದಿನ ಅಚ್ಚುಕಟ್ಟಾಗಿ ಕಾಣುತ್ತದೆ. ಕೆಲವು ಸವಾರಿಗಳಾದ ಮೇಲೆ ಒಂದು ತುದಿ ಹಿಡಿದೆಳೆಯಿರಿ, ಹಾಲಿನ ಕೆನೆಯ ಹಾಗೆ ಇಡಿಯಾಗಿ ಎದ್ದು ಬರುತ್ತದೆ. ‘ಎಲ್ಲದಕ್ಕೂ ಅಂಟುತ್ತದೆ’ ಎಂದು ಬರೆದಿರುವ ಟ್ಯೂಬುಗಳದ್ದೂ ಇದೇ ಕತೆ.

ನಾನು ಬಳಸುವುದು ಬ್ಯುಟೈಲ್ ಟೇಪು. ಅಗಿದ ಗಮ್ಮಿನಂತೆ ಮೆತ್ತಗಿರುವ ಇದು ಒಣಗಿ ಗಟ್ಟಿಯಾಗುವುದಿಲ್ಲ. ಒತ್ತಡದಲ್ಲಿ ಸಂದಿ ತುಂಬಿ ಕೂರುತ್ತದೆ. ತೂತಿನ ಸುತ್ತ ಒಂದು ಉಂಗುರ, ಪ್ರತಿ ಬೋಲ್ಟಿನ ಕತ್ತಿಗೆ ಒಂದು ಸುತ್ತು. ಒಳಗಡೆ 3 ಮಿಲಿಮೀಟರ್ ದಪ್ಪದ ಅಲ್ಯುಮಿನಿಯಂ ಹಲಗೆ ಕೊಡಿ, ಬರೀ ವಾಶರ್ ಸಾಲದು. ಸ್ಟೀಲ್ ಬೋಲ್ಟು, ನೈಲಾನ್ ಇರುವ ನಟ್ಟು. ಮೊದಲ ದಿನ ಟೇಪು ಸುತ್ತಲೂ ಸಮನಾಗಿ ದಾರದಷ್ಟು ಹೊರಗೆ ಇಣುಕುವವರೆಗೆ ಮಾತ್ರ ಬಿಗಿ. ಮರುದಿನ ಕಾಲು ಸುತ್ತು, ಅದರ ಮರುದಿನ ಇನ್ನು ಕಾಲು. ಒಂದೇ ಏಟಿಗೆ ಬಿಗಿದರೆ ಟೇಪೆಲ್ಲ ಹೊರಗೆ ಬಂದು, ಕೊನೆಗೆ ಲೋಹ ಪ್ಲಾಸ್ಟಿಕನ್ನು ಕಡಿಯುತ್ತದೆ. ಒಂದು ಕಡೆ ಟೇಪು ಇಣುಕದಿದ್ದರೆ ಬಿಚ್ಚಿ ಮತ್ತೆ ಹಾಕಿ. ಬೇರೆ ದಾರಿ ಇಲ್ಲ.

ಉದ್ದನೆಯ ಪಟ್ಟಿ ಕೂರಿಸುವವರು ಇನ್ನೊಂದು ನೆನಪಿಡಿ. ಬಿಸಿಲಿಗೆ ಈ ಪ್ಲಾಸ್ಟಿಕ್ ಬಹಳ ಹಿಗ್ಗುತ್ತದೆ. 30 ಡಿಗ್ರಿ ಏರಿದರೆ ಒಂದು ಮೀಟರಿಗೆ 4 ಮಿಲಿಮೀಟರಿನಷ್ಟು. ಅಲ್ಯುಮಿನಿಯಂ ಒಂದು ಮಿಲಿಮೀಟರೂ ಹಿಗ್ಗದು. ಪಟ್ಟಿಯ ಮಧ್ಯದ ತೂತು ಮಾತ್ರ ಬಿಗಿ ಇರಲಿ, ಅಂಚಿನವನ್ನು ಉದ್ದುದ್ದ ಮಾಡಿ.

ತಪ್ಪು ಜಾಗದಲ್ಲಿ ಕೊರೆದ ತೂತನ್ನು ಮುಚ್ಚಲು ಅದೇ ಪ್ಲಾಸ್ಟಿಕ್ಕಿನ ಕಡ್ಡಿ ಮತ್ತು ಬಿಸಿಗಾಳಿಯ ವೆಲ್ಡಿಂಗ್ ಬೇಕು. ಸೋಲ್ಡರಿಂಗ್ ಕಡ್ಡಿಯಿಂದ ಕರಗಿಸಿ ಮೆತ್ತುವುದು ದಡ ಸೇರಲಿಕ್ಕೆ ಸಾಕು, ಮತ್ತೆ ನೀರಿಗಿಳಿಯಲಿಕ್ಕಲ್ಲ.

ಹಂತ 3: ಪಂಪು

ಪಂಪಿದೆಯಲ್ಲ ಎಂಬ ಧೈರ್ಯ ಬೇಡ. ನೀರಿನ ಮಟ್ಟಕ್ಕಿಂತ 30 ಸೆಂಟಿಮೀಟರ್ ಕೆಳಗಿರುವ 25 ಮಿಲಿಮೀಟರ್ ತೂತಿನಿಂದ ಗಂಟೆಗೆ ಸುಮಾರು 2,500 ಲೀಟರ್ ನೀರು ನುಗ್ಗುತ್ತದೆ. 500 ಗ್ಯಾಲನ್ ಎಂದು ಬರೆದ ಪಂಪು ಎತ್ತುವುದು 1,900 ಲೀಟರ್, ಅದೂ ಮೇಲಕ್ಕೆ ಒಂದಿಂಚೂ ಏರಿಸದಿದ್ದರೆ. ಸುಕ್ಕುಸುಕ್ಕಾದ ಅಗ್ಗದ ಪೈಪು ಹಾಕಿದರೆ ಇನ್ನೂ ಕಡಿಮೆ. ಒಳಮೈ ನುಣುಪಾದ ಪೈಪು ತಂದು, ಅದನ್ನು ತೊಟ್ಟಿಯ ಮೇಲಂಚಿನವರೆಗೆ ಏರಿಸಿ, ಅಲ್ಲಿಂದ ಬಗ್ಗಿಸಿ ಹೊರಗೆ ಬಿಡಿ. ದೋಣಿಗೆಂದೇ ಮಾಡಿದ, ಪೂರ್ತಿ ಮುಚ್ಚಿದ ಪಂಪನ್ನೇ ಕೊಳ್ಳಿ. ತಳದಲ್ಲಿ ಪೆಟ್ರೋಲಿನ ಆವಿ ಕೂತಿರುತ್ತದೆ, ಮಾಮೂಲಿ ಮೋಟರಿನ ಕಿಡಿ ಸಾಕು. ನೀರು ಏರಿದಾಗ ಪಂಪನ್ನು ತಾನಾಗಿ ಶುರು ಮಾಡುವ ತೇಲುಸ್ವಿಚ್ಚಿನ ತಂತಿ ಕೀಲಿಯ ಮೂಲಕ ಹೋಗದೆ ನೇರ ಬ್ಯಾಟರಿಗೆ ಬರಲಿ, ಫ್ಯೂಸು ಬ್ಯಾಟರಿಯ ಪಕ್ಕದಲ್ಲೇ ಇರಲಿ.

ಹಂತ 4: ಹಿಂದಿನ ಮೋಟರು

ಟೈರು ತುಳಿದು ಹೋಗುವ ವೇಗ ನಡಿಗೆಯಷ್ಟೇ, ಗಂಟೆಗೆ 4–5 ಕಿಲೋಮೀಟರ್. ಎದುರುಗಾಳಿ ಬಂದರೆ ಅದೂ ಇಲ್ಲ. ಸಣ್ಣದೊಂದು ಮೋಟರು ಇದ್ದರೆ ಒಳ್ಳೆಯದೇ. ಆದರೆ 2ರಿಂದ 5 ಅಶ್ವಶಕ್ತಿ ಸಾಕು. ತೊಟ್ಟಿಯ ಆಕಾರ ದೋಣಿಯದ್ದಲ್ಲ. ದೊಡ್ಡ ಮೋಟರು ತಂದರೆ ಹಿಂಬದಿ ಕುಸಿಯುವುದಷ್ಟೇ ಲಾಭ. ಹಿಡಿಕೆಯ ಬೋಲ್ಟುಗಳು ಉಕ್ಕಿನ ಚೌಕಟ್ಟಿಗೆ ಹೋಗಬೇಕು, ಪ್ಲಾಸ್ಟಿಕ್ಕಿಗಲ್ಲ. ಮೋಟರು ಹೊತ್ತ ಮೇಲೆ ಹಂತ 1ನ್ನು ಮತ್ತೆ ಮಾಡಿ.

ಟೈರಿಗೆ ಪಟ್ಟಿ ಬಡಿದು ಹುಟ್ಟು ಮಾಡುವ ಉಪಾಯ ಬಿಟ್ಟುಬಿಡಿ.

ಹಂತ 5: ಪರೀಕ್ಷೆ

ಆಕ್ಸಲ್ ಹೊರಬರುವ ಕಡೆ ಬೇರಿಂಗಿಗೆ ಹೊಸ ಗ್ರೀಸ್ ಕಾಣಿಸುವವರೆಗೆ ಗ್ರೀಸ್ ಹೊಡೆಯಿರಿ. ನೀರಿನಿಂದ ಬಂದ ಮೇಲೂ ಹೊಡೆಯಿರಿ. ಆಮೇಲೆ ಒಳಗಡೆ ಪ್ರತಿ ಹೊಸ ಜೋಡಣೆಯ ಸುತ್ತ ಒಣ ಸೀಮೆಸುಣ್ಣದ ಪುಡಿ ಉಜ್ಜಿ, ಮೊಣಕಾಲುದ್ದ ನೀರಿನಲ್ಲಿ, ಲೈಫ್ ಜಾಕೆಟ್ ತೊಟ್ಟು, ದಡಕ್ಕೆ ಹಗ್ಗ ಕಟ್ಟಿ ಇಳಿಸಿ. ಅಷ್ಟು ನೀರಿಗೆ ಗಾಡಿ ತೇಲದೆ ನೆಲ ಮುಟ್ಟಿದರೆ ಇನ್ನೆರಡು ಹೆಜ್ಜೆ ಒಳಗೆ ಹೋಗಿ. ಅರ್ಧ ಗಂಟೆ ಬಿಟ್ಟು ಟಾರ್ಚು ಹಾಕಿ ನೋಡಿ. ಒಂದು ಹನಿ ಬಂದಿದ್ದರೂ ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಎಳೆದಿರುತ್ತದೆ, ಸೋರಿದ ಜಾಗ ಬೆರಳಿಟ್ಟು ತೋರಿಸಿದ ಹಾಗೆ.

ಗೆಳೆಯನ ಗಾಡಿಯ ಆ ತೂತನ್ನು ನಾವಿಬ್ಬರೂ ಸೇರಿ ವೆಲ್ಡಿಂಗಿನಿಂದ ಮುಚ್ಚಿದೆವು. ಹಳೆಯ ನಾಣ್ಯದಂಥ ಒಂದು ಕಲೆ ಅಲ್ಲಿ ಉಳಿದಿದೆ. ಮೊನ್ನೆ ಹೊಸ ಪೈಪಿನ ಪರೀಕ್ಷೆಗೆ ಇಳಿದಾಗ ಮತ್ತೆ ಬೂಟಿನೊಳಗೆ ನೀರು ಬಂತು. ಈ ಸಲ ಜೋಡಣೆಗಳ ಮೇಲಿನ ಸುಣ್ಣವೆಲ್ಲ ಬೆಳ್ಳಗೇ ಇತ್ತು. ನೀರು ಬಸಿಯುವ ತಳದ ಬಿರಡೆ ಶೆಡ್ಡಿನ ಬೆಂಚಿನ ಮೇಲಿತ್ತು. ಈಗ ಅದನ್ನು ತೆಗೆದಾಗಲೆಲ್ಲ ಅವನು ಗಾಡಿಯ ಕೀಲಿಗೇ ಕಟ್ಟಿಡುತ್ತಾನೆ.